ನಿಹಾರಿಯ ಉತ್ತರಪೂಜೆ

ಕುಡಚಡೆ
೧೨ ಜೂನ್ ೨೦೦೪

ತೀರ್ಥಸ್ವರೂಪ ರಘೋತ್ತಮ ಕಾಕಾ ಅವರಿಗೆ ಮೃದುಲಾಳ ನಮಸ್ಕಾರಗಳು.

ಫೋನಿನಲ್ಲಿ ನೀವು ಧಾರವಾಡದಿಂದ "ಏನು? ಏನು?" ಎಂದು ಒದರುವುದು, ನಾನು ಇಲ್ಲಿ ಓಣಿಯೆಲ್ಲ ಕೇಳುವ ಹಾಗೆ ಕಿರುಚುವುದು ಸಾಕಾಗಿದೆ. ನಿಮ್ಮ ಕಿವಿಗೆ ಪತ್ರವೇ ಮದ್ದು. ಆರಾಮಾಗಿ ಕೂತು ಓದಿ, ಖುಷಿಯ ಸುದ್ದಿಯೇ ಇದೆ.

ಇವರ ಅದಿರಿನ ಕಂಪನಿಯವರು ಸಾವರ್ಡೆಯ ಹಳೆಯ ಗೋದಾಮು ಖಾಲಿ ಮಾಡಿಸುತ್ತಿದ್ದಾರೆ. ಮೂಲೆಯಲ್ಲಿ ಕಟ್ಟಿಗೆಯ ದೊಡ್ಡ ಪೆಟ್ಟಿಗೆಗಳು ಸಿಕ್ಕವಂತೆ. ಮೇಲೆ ಬಣ್ಣದಲ್ಲಿ "ಲಾಲ್ ಗ್ರಹ್ ಕಿ ಬೇಟಿ" ಎಂದು ಬರೆದಿತ್ತು. ಇವರು ಆಫೀಸಿನಿಂದಲೇ ಫೋನ್ ಮಾಡಿ, "ನಿಮ್ಮ ಕಾಕಾ ಗೊಂಬಿ, ಸಾಮಾನು ಮಾಡಿಕೊಟ್ಟಿದ್ದ ಟೀವಿ ಧಾರಾವಾಹಿ ಇದ ಅಲ್ಲೇನು?" ಎಂದರು. ಆದಿತ್ಯವಾರ ಮುಂಜಾನೆ ಇಡೀ ಓಣಿ ನಮ್ಮ ಮನೆಯ ಟೀವಿ ಮುಂದೆ ಕೂತು ನೋಡುತ್ತಿದ್ದದ್ದು, ಹೆಸರು ಬರುವಾಗ ಅಪ್ಪ "ನೋಡ್ರಿ, ನಮ್ಮ ತಮ್ಮ!" ಎಂದು ಕುಣಿಯುತ್ತಿದ್ದದ್ದು ಎಲ್ಲ ನೆನಪಾಯಿತು. ಲಾರಿಯಲ್ಲಿ ಹೇರಿಸಿ ಎಲ್ಲವನ್ನೂ ಮನೆಗೇ ತರಿಸಿದ್ದೇವೆ.

ಬಾಹ್ಯಾಕಾಶದ ಪೋಷಾಕುಗಳನ್ನು ಇಲಿ ತಿಂದಿವೆ. ನೌಕೆಗೆ ಅರ್ಧ ತುಕ್ಕು. ಆದರೆ ನಿಹಾರಿ ಇದ್ದಾಳಲ್ಲ, ಆ ಗ್ರಹದ ಹುಡುಗಿ, ಆಕೆಗೆ ಏನೂ ಆಗಿಲ್ಲ ಕಾಕಾ. ಅದೇ ನೀಲಿ ಮುಖ, ಅದೇ ಜರಿಯ ಕೂದಲು, ಮಾತಾಡಲು ಹೊರಟವಳ ಹಾಗೆ ಸ್ವಲ್ಪ ತೆರೆದ ಬಾಯಿ. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದವಳ ಮುಖದ ಮೇಲೆ ಧೂಳು ಸಹ ಇರಲಿಲ್ಲ.

ಪದ್ಮಿಗೆ ಆಕೆ ಸರಿ ಜೋಡಿ, ಎತ್ತರವೂ ಅಷ್ಟೇ. ನಿಮ್ಮ ಮೊಮ್ಮಗಳಿಗೆ ಐದು ತುಂಬಿದರೂ ಮಾತು ಬಂದಿಲ್ಲ. ಮಡಗಾಂವದ ಡಾಕ್ಟರು ಕಿವಿ ಸರಿ ಇದೆ, ನಾಲಿಗೆ ಸರಿ ಇದೆ, ಕಾಯಿರಿ ಎನ್ನುತ್ತಾರೆ. ಎಷ್ಟಂತ ಕಾಯುವುದು? ನಾನು ಬೇಕೆಂದರೆ ನೀವು ಕಲಿಸಿಕೊಟ್ಟ ಹಾಗೆ ನಾಲಿಗೆಯಿಂದ ಟೊಕ್ ಟೊಕ್ ಎಂದು ಕುದುರೆ ಸದ್ದು ಮಾಡುತ್ತಾಳೆ. ಅದೇ "ಅಮ್ಮಾ", ಅದೇ "ಹಸಿವು", ಅದೇ "ಹೆದರಿಕೆ". ಒಮ್ಮೆ ಅಮ್ಮಾ ಎಂದರೆ ಸಾಕು, ನನಗೆ ಇನ್ನೇನೂ ಬೇಡ ದೇವರೇ ಎನ್ನುವಂತಾಗಿದೆ.

ನಿಮ್ಮ
ಮೃದುಲಾ


ಧಾರವಾಡ
೨೧ ಜೂನ್ ೨೦೦೪

ಚಿ. ಸೌ. ಮೃದುಲಾಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಈ ಮುದುಕ ಅಂಗಳದಲ್ಲಿ ಎರಡು ಸುತ್ತು ತಿರುಗಿದ. ನಾನು ಅವೆಲ್ಲ ಎಂದೋ ಗುಜರಿಗೆ ಹೋದವು ಅಂದುಕೊಂಡಿದ್ದೆ.

ಆ ನೌಕೆಯನ್ನು ಅಲಕ್ಷ್ಯ ಮಾಡಬೇಡ. ಅದರ ನಡು ನಿಮ್ಮ ಕಾಕುವಿನ ಇಡ್ಲಿ ಸ್ಟ್ಯಾಂಡು, ತಲೆ ಅಲ್ಯುಮಿನಿಯಂ ಪಾತೇಲಿ, ಬಾಲ ಟೇಬಲ್ ಫ್ಯಾನಿನ ಜಾಳಿಗೆ. ನಿಮ್ಮ ಕಾಕು ಸಾಯುವವರೆಗೂ ಆ ಇಡ್ಲಿ ಸ್ಟ್ಯಾಂಡಿನ ಹೆಸರೆತ್ತಿ ನನ್ನನ್ನು ಬೈದಳು. ಕಿಟಕಿಯಲ್ಲಿ ಕಣ್ಣಿಟ್ಟು ನೋಡು, ಒಳಗೆ ಬೊಟ್ಟಿನಷ್ಟು ಒಂದು ಕುರ್ಚಿ ಇದೆ. ಟೀವಿಯಲ್ಲಿ ಅದು ಕಾಣಲಿಲ್ಲ, ಆದರೂ ಮಾಡಿದೆ. ನನಗೆ ಅರ್ಧಮರ್ಧ ಕೆಲಸ ಸೇರುವುದಿಲ್ಲ.

ನಿಹಾರಿ ಮಾತ್ರ ನನ್ನ ಕೈಯ ಪೂರ್ಣ ಕೆಲಸ. ರದ್ದಿ ಕಾಗದ ನೆನೆಸಿ, ಅಂಟು ಕಲಸಿ, ಮನೆಯ ಗಣಪತಿ ಮಾಡುವ ಹಾಗೇ ಕೂತು ಮಾಡಿದೆ. ನಿಮ್ಮ ಹಿತ್ತಲಿನಿಂದ ಕೂಗಳತೆಯಲ್ಲಿರುವ ಆ ಸಾವರ್ಡೆಯ ಅದಿರಿನ ಹೊಂಡವೇ ನಮ್ಮ ಕೆಂಪು ಗ್ರಹವಾಗಿತ್ತು. ಮುಹೂರ್ತದ ದಿನ ಪೂಜೆಗೆ ಬರಬೇಕಾದ ಭಟ್ಟರು ಲೋಂಡಾದಲ್ಲಿ ಗಾಡಿ ತಪ್ಪಿಸಿಕೊಂಡರು. ಮುಂಬಯಿಯ ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ನಾನು ಧೋತರ ಉಟ್ಟು ಮುಂದೆ ಬಂದೆ. ನನಗೆ ಬರುತ್ತಿದ್ದದ್ದು ಒಂದೇ ಪೂಜೆ, ಚೌತಿಯ ಗಣಪತಿಯದು. ಅದನ್ನೇ ಮಾಡಿದೆ. ಹೊಂಡದ ದಂಡೆಯಲ್ಲಿ ನಿಹಾರಿಯನ್ನು ಮಣೆಯ ಮೇಲೆ ಕೂಡಿಸಿ, ಕಣ್ಣು ಬರೆದು, ಎದೆ ಮುಟ್ಟಿ ಪ್ರಾಣಪ್ರತಿಷ್ಠೆ ಹೇಳಿದೆ. ಎಲ್ಲರೂ ಕೈ ಮುಗಿದರು. ಕ್ಯಾಮೆರಾದವನಂತೂ ಸಾಷ್ಟಾಂಗ ಹಾಕಿದ!

ನನ್ನ ಹಳೆಯ ವಿದ್ಯಾರ್ಥಿಗಳು ದಸರೆಗೆ ನನ್ನ ಕೆಲಸಗಳ ಪ್ರದರ್ಶನ ಇಡುತ್ತಾರಂತೆ. ನಿಹಾರಿಯನ್ನು ನಡುವೆ ಕೂಡಿಸುವುದು ಎಂದು ಈಗಲೇ ಹೇಳಿಬಿಟ್ಟಿದ್ದೇನೆ. ಮಳೆ ಕಡಿಮೆಯಾದ ಮೇಲೆ ಕಳಿಸುವ ವ್ಯವಸ್ಥೆ ಮಾಡು.

ಪದ್ಮಿಯ ಬಗ್ಗೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ. ಆ ಟೊಕ್ ಟೊಕ್ ನನಗಂತೂ ನಿಮ್ಮೆಲ್ಲರ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ.

ರಘೋತ್ತಮ


ಕುಡಚಡೆ
೧೦ ಜುಲೈ ೨೦೦೪

ತೀರ್ಥಸ್ವರೂಪ ಕಾಕಾ ಅವರಿಗೆ ನಮಸ್ಕಾರಗಳು.

ಮಳೆ ಹಗಲು ರಾತ್ರಿ ಹೊಡೆಯುತ್ತಿದೆ. ಅಂಗಳದ ನೀರು ಸಹ ಕೆಂಪು, ಒಗೆದ ಬಟ್ಟೆಯೂ ಕೆಂಪು.

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ನಗುತ್ತಾರೆ ಅಂದುಕೊಂಡರೆ ಅವರ ಮುಖ ಗಂಭೀರವಾಯಿತು. "ಪ್ರಾಣಪ್ರತಿಷ್ಠಾ ಖರೇ ಮಾಡಿದ್ರೇನು? ಮತ್ತ ಉತ್ತರಪೂಜಾ ಯಾರು ಮಾಡಿದ್ರು? ಕರದು ಕೂಡಿಸಿದವರನ್ನ ಹೋಗಿ ಬಾ ಅಂತ ಕಳಸಬೇಕಲ್ಲ?" ಎಂದರು. ನಾನು, "ಅದು ಗಣಪತಿ ಅಲ್ಲ ಅತ್ತಿ, ಟೀವಿ ಗೊಂಬಿ" ಎಂದೆ. "ಮಂತ್ರಕ್ಕೇನ ಗೊತ್ತು?" ಎಂದು ಬತ್ತಿ ಹೊಸೆಯತೊಡಗಿದರು. ಅವರ ಸಮಾಧಾನಕ್ಕೆ ಕೇಳುತ್ತಿದ್ದೇನೆ, ಮಾಡಿದ್ದಿರಾ?

ಮನೆಯಲ್ಲಿ ಎಲ್ಲ ಆರಾಮ. ಪದ್ಮಿ ನಿಹಾರಿಯನ್ನು ಬಿಟ್ಟಿರುವುದಿಲ್ಲ. ಗೊಂಬೆಯನ್ನು ಹಿಂದಿನ ಕೋಣೆಯ ಕಿಟಕಿಗೆ ಮುಖ ಮಾಡಿ ಕೂಡಿಸಿದರೆ, ಮುಂಜಾನೆ ಅಡುಗೆಮನೆಗೆ ಮುಖ ಮಾಡಿ ಕೂತಿರುತ್ತಾಳೆ. ಪದ್ಮಿಯದೇ ಕಿತಾಪತಿ. ಕೆಲಸದ ಹುಲಿಗೆಮ್ಮ ಮಾತ್ರ ಆ ಕೋಣೆ ಕಸ ಹೊಡೆಯಲು ಒಲ್ಲೆ ಎನ್ನುತ್ತಾಳೆ.

ಬೇರೆ ವಿಶೇಷವಿಲ್ಲ.

ಮೃದುಲಾ


ಧಾರವಾಡ
೧೮ ಜುಲೈ ೨೦೦೪

ಚಿ. ಸೌ. ಮೃದುಲಾಗೆ ಆಶೀರ್ವಾದಗಳು.

ನಿಮ್ಮ ಅತ್ತೆಗೆ ನಮಸ್ಕಾರ ಹೇಳು. ಉತ್ತರಪೂಜೆ ಎಲ್ಲಿಯದು? ಇನ್ನೇನು ಕೊನೆಯ ಕಂತು ಉಳಿದಿತ್ತು, ಅಷ್ಟರಲ್ಲಿ ನಿರ್ಮಾಪಕ ಕೈ ಎತ್ತಿದ. ಸಂಜೆಗೆ ಲಾರಿ ಬಂತು, ಸಾಮಾನು ತುಂಬಿದರು, ಎಲ್ಲರೂ ಊರು ಹಿಡಿದೆವು. ಗಡಿಬಿಡಿಯಲ್ಲಿ ನನ್ನ ಕೊಡೆಯೂ ಅಲ್ಲೇ ಉಳಿಯಿತು. ಪೂಜೆಯ ನೆನಪು ಯಾರಿಗಿರುತ್ತದೆ?

ಹಾಗೆ ನೋಡಿದರೆ ನಿಹಾರಿ ಇಪ್ಪತ್ತು ವರ್ಷದಿಂದ ಬೀಗರ ಮನೆಯಲ್ಲಿ ಠಿಕಾಣಿ ಹೂಡಿದ ಅತಿಥಿ! ಧಾರವಾಡಕ್ಕೆ ಬರಲಿ, ಪ್ರದರ್ಶನ ಮುಗಿದ ಮೇಲೆ ಬುತ್ತಿ ಕಟ್ಟಿ ಕಳಿಸೋಣ. ಯಾವಾಗ ಕಳಿಸುತ್ತೀ?

ರಘೋತ್ತಮ


ಕುಡಚಡೆ
೧೬ ಆಗಸ್ಟ್ ೨೦೦೪

ತೀರ್ಥಸ್ವರೂಪ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಎರಡು ಕಾರ್ಡುಗಳು ಬಂದವು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡಿ. ದೃಷ್ಟಿಯಾದೀತೆಂದು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳದೆ ಮತ್ತಾರಿಗೆ ಹೇಳಲಿ?

ಕಾಕಾ, ಪದ್ಮಿ ಮಾತಾಡಿದಳು!

ಮೊದಲು ಕೇಳಿದ್ದು ಹುಲಿಗೆಮ್ಮ. ನಾನು ಹಿತ್ತಲಲ್ಲಿದ್ದೆ. "ಯವ್ವಾ, ಬರ್ರಿ! ಕೂಸು ಮಾತಾಡಾಕತ್ತೈತ್ರಿ!" ಎಂದು ಕೂಗಿದಳು. ಓಡಿದೆ. ಪದ್ಮಿ ನಿಹಾರಿಯ ಕೈ ಹಿಡಿದು ಕಿಟಕಿಯಲ್ಲಿ ನಿಂತಿದ್ದಳು. ಅಷ್ಟು ದಿನದ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಕಡೆ ತಿರುಗಿ, ಒಂದಿಷ್ಟೂ ತೊದಲದೆ, "ನಿಮ್ಮ ಸೂರ್ಯ ಒಬ್ಬನ ಏನು? ಆಂವಗ ಬ್ಯಾಸರಾಗೂದಿಲ್ಲೇನು?" ಎಂದಳು.

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇವರು ಕಾರಣ ಹೇಳದೆಯೇ ಆಫೀಸಿಗೆಲ್ಲ ಪೇಢೆ ಹಂಚಿದರು. ಎಂಥ ಮಾತಾಡಿದಳು ನೋಡಿ! ದಿನಾ ಒಂದಷ್ಟು ಹೊಸ ಮಾತು ಬರುತ್ತಿವೆ. ಆದರೆ ನಿಹಾರಿ ಹತ್ತಿರ ಇದ್ದರಷ್ಟೇ. ಬೇರೆ ಕೋಣೆಯಲ್ಲಿಟ್ಟ ದಿನ ಮತ್ತೆ ಅದೇ ಟೊಕ್ ಟೊಕ್.

ಅದಕ್ಕೇ ಕಳಿಸಲಾರೆ. ನೌಕೆ ಒಯ್ಯಿರಿ, ಪೋಷಾಕು ಒಯ್ಯಿರಿ. ನಿಹಾರಿಯನ್ನು ಮಾತ್ರ ಕೇಳಬೇಡಿ.

ನಿಮ್ಮ
ಮೃದುಲಾ


ಧಾರವಾಡ
೨೩ ಆಗಸ್ಟ್ ೨೦೦೪

ಮೃದುಲಾ,

ಪ್ರದರ್ಶನ ಹಾಳಾಗಿ ಹೋಗಲಿ. ನಿಹಾರಿಯನ್ನು ಧಾರವಾಡಕ್ಕೆ ಕಳಿಸಬೇಡ.

ಆ ಸೂರ್ಯನ ಮಾತನ್ನು ಆಕೆಗೆ ಯಾರು ಹೇಳಿಕೊಟ್ಟರು, ನೆನಪು ಮಾಡಿಕೊಂಡು ಬರೆ. ಅದು ಟೀವಿಯಲ್ಲಿ ಬಂದದ್ದಲ್ಲ. ಹೊಂಡದ ದಂಡೆಯಲ್ಲಿ ಚಹಾ ಕುಡಿಯುತ್ತ ನಾನೇ ನಿರ್ದೇಶಕನಿಗೆ ತಮಾಷೆಗೆ ನಮ್ಮ ಕನ್ನಡದಲ್ಲಿ ಹೇಳಿದ್ದು. ಅರ್ಥ ಹೇಳಿದಾಗ ಆತ ನಕ್ಕು, ಕೊನೆಯ ಕಂತಿನಲ್ಲಿ ಹಾಕೋಣ ಎಂದ. ಕೊನೆಯ ಕಂತು ಆಗಲೇ ಇಲ್ಲ. ಆತ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ನಾನಂತೂ ಯಾರಿಗೂ ಹೇಳಿಲ್ಲ. ನಮ್ಮಿಬ್ಬರ ಹತ್ತಿರ ಮಣೆಯ ಮೇಲೆ ಕೂತಿದ್ದವಳು ನಿಹಾರಿ ಒಬ್ಬಳೇ.

ನಿಮ್ಮ ಅತ್ತೆ ಹೇಳಿದ್ದೇ ಖರೆ. ಉತ್ತರಪೂಜೆ ಆಗಬೇಕು. ಕೂತಲ್ಲಿ ಅಕ್ಷತೆ ಹಾಕಿ, ಮಣೆಯಿಂದ ಸ್ವಲ್ಪ ಸರಿಸಿ, ದಾರಿಗೆ ಮೊಸರವಲಕ್ಕಿಯ ಬುತ್ತಿ ಕೊಟ್ಟು, ಹೋಗಿ ಬಾ ಎಂದು ಅದೇ ಹೊಂಡದ ನೀರಿಗೆ ಬಿಡಿರಿ. ತಡ ಮಾಡಬೇಡ.

ರಘೋತ್ತಮ ಕಾಕಾ


ಕುಡಚಡೆ
೩೦ ಆಗಸ್ಟ್ ೨೦೦೪

ಕಾಕಾ ಅವರಿಗೆ ನಮಸ್ಕಾರಗಳು.

ನನಗೆ ಬಹಳ ಬೇಸರವಾಗಿದೆ. ಪ್ರದರ್ಶನಕ್ಕೆ ಕೊಡಲಿಲ್ಲವೆಂದು ಹೊಂಡಕ್ಕೆ ಹಾಕಿಸುವುದೇ? ನನಗಿಲ್ಲದ್ದು ಯಾರಿಗೂ ಬೇಡ ಎಂದೇ? ಚಿಕ್ಕಂದಿನಲ್ಲಿ ನೀವು ಅಂಗಡಿಯವರ ಮೇಲೆ ಸಿಟ್ಟಾಗಿ ಗಣಪತಿಯ ಅಚ್ಚು ಒಡೆದು ಹಾಕಿದ್ದನ್ನು ಅಪ್ಪ ಹೇಳುತ್ತಿದ್ದರು. ಸಿಟ್ಟು ಇನ್ನೂ ಹೋಗಿಲ್ಲ ಬಿಡಿ.

ಎಂದೋ ಮನೆಯಲ್ಲಿ ಯಾರ ಮುಂದೋ ಆಡಿರುತ್ತೀರಿ, ಮರೆತಿರುತ್ತೀರಿ. ನಾನು ಕೇಳಿ, ಪದ್ಮಿಯ ಮುಂದೆ ಅಂದಿರಬೇಕು. ಐದು ವರ್ಷ ದೇವರಿಗೆ ಹರಕೆ ಹೊತ್ತು ಹೊತ್ತು ಸುಸ್ತಾದವಳು ನಾನು. ನಿನ್ನೆ ಪದ್ಮಿ ನನ್ನ ಕೊರಳಿಗೆ ಜೋತುಬಿದ್ದು, "ಅಮ್ಮಾ, ನೌಕಾದಾಗ ಒಂದ ಕುರ್ಚಿ ಅದ. ಇಬ್ಬರು ಹೆಂಗ ಕೂಡೂದು?" ಎಂದಳು. ಅಮ್ಮಾ ಎಂದಳು ಕಾಕಾ. ಆ ಬಾಯಿ ಮತ್ತೆ ಮುಚ್ಚಲಿ ಎನ್ನುತ್ತೀರೇನು?

ಬಾಯಿ ಎಂದಕೂಡಲೇ ನೆನಪಾಯಿತು. ನಿಹಾರಿಯ ಬಾಯಿಯನ್ನು ನೀವು ತೆರೆದೇ ಮಾಡಿದ್ದಿರಲ್ಲ? ಈಗ ನೋಡಿದರೆ ಮುಚ್ಚಿದೆ. ಮಳೆಗಾಲದ ತಂಪಿಗೆ ಕಾಗದ ಉಬ್ಬಿರಬೇಕು ಎಂದು ಇವರು ಹೇಳುತ್ತಾರೆ.

ಮೃದುಲಾ


ಕುಡಚಡೆ
೮ ಸಪ್ಟೆಂಬರ್ ೨೦೦೪

ತೀರ್ಥಸ್ವರೂಪ ಕಾಕಾ,

ಹಿಂದಿನ ಪತ್ರವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಪ್ಪಾಯಿತು.

ಸೋಮವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಮಣೆಯ ಮೇಲೆ ನಿಹಾರಿಯ ಜಾಗದಲ್ಲಿ ಪದ್ಮಿ ಕೂತಿದ್ದಳು, ಕೈ ತೊಡೆಯ ಮೇಲಿಟ್ಟು, ಥೇಟ್ ಹಾಗೆಯೇ. ಕರೆದರೆ ಓ ಎನ್ನಲಿಲ್ಲ, ಕಣ್ಣು ಪಿಳುಕಿಸಲಿಲ್ಲ. ಕೆನ್ನೆ ಮುಟ್ಟಿದೆ, ಗೋಡೆಯಷ್ಟು ತಣ್ಣಗಿತ್ತು. ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಎಷ್ಟೋ ಹೊತ್ತಿನ ಮೇಲೆ ಟೊಕ್ ಎಂದಳು, ಬಹಳ ಸಣ್ಣಗೆ. ಆಮೇಲೆ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ನಡುಗಿದಳು.

ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ, "ಇನ್ನ ಇಟಗೊಳ್ಳೂದು ಬ್ಯಾಡ" ಎಂದರು. ನನಗೂ ಹೆದರಿಕೆಯಾಗಿದೆ. ನೀವು ಹೇಳಿದ ಹಾಗೇ ಮಾಡುತ್ತೇವೆ. ಚೌತಿ ಹದಿನೆಂಟಕ್ಕೆ. ಐದನೆಯ ದಿನ ನಮ್ಮ ಗಣಪತಿಯ ಜೊತೆಗೇ ಆಕೆಯನ್ನೂ ಕಳಿಸಿಬಿಡುತ್ತೇವೆ.

ಮಾತು ಮತ್ತೆ ನಿಂತುಹೋದರೆ? ನಿಲ್ಲಲಿ ಎನ್ನಲು ಬಾಯಿ ಬರುವುದಿಲ್ಲ ಕಾಕಾ.

ನಿಮ್ಮ
ಮೃದುಲಾ


ಧಾರವಾಡ
೧೪ ಸಪ್ಟೆಂಬರ್ ೨೦೦೪

ಚಿ. ಸೌ. ಮೃದುಲಾಗೆ ಆಶೀರ್ವಾದಗಳು.

ಈಗಷ್ಟೇ ನಿನ್ನ ಪತ್ರ ಬಂತು. ಪಕ್ಕದ ಮನೆಯ ಪವಮಾನನಿಂದ ಫೋನ್ ಮಾಡಿಸಿದೆ, ನಿಮ್ಮ ಲೈನು ಸತ್ತಿದೆಯಂತೆ. ಘಾಟಿನಲ್ಲಿ ಮಣ್ಣು ಕುಸಿದು ಗಾಡಿಯೂ ನಿಂತಿದೆ, ಇಲ್ಲವಾದರೆ ನಾನೇ ಬರುತ್ತಿದ್ದೆ. ಈ ಪತ್ರ ಸುತ್ತು ಹಾಕಿಯಾದರೂ ಚೌತಿಯೊಳಗೆ ಮುಟ್ಟಲಿ.

ಕೊನೆಯ ಕಂತಿನ ಕಥೆಯನ್ನು ನಿನಗೆ ಹೇಳಿರಲಿಲ್ಲ. ಹೆದರುತ್ತೀ ಎಂದು ಬಿಟ್ಟೆ. ಈಗ ಕೇಳು. ನೌಕೆ ನಿಹಾರಿಯನ್ನು ಒಯ್ಯಲು ಬರುತ್ತದೆ. ಒಳಗೆ ಒಂದೇ ಕುರ್ಚಿ. ಇಲ್ಲಿಯವರು ಯಾರಿಗೆ ಹೋಗಿ ಬಾ ಎನ್ನುತ್ತಾರೋ ಅವರು ಹೋಗಬೇಕು, ಅದು ಆ ಗ್ರಹದ ಕಾನೂನು. ನಿಹಾರಿಗೆ ಹೋಗುವ ಮನಸ್ಸಿಲ್ಲ. ಆಕೆ ಈ ಮನೆಯ ಮಾತು ಕಲಿತಿದ್ದಾಳೆ, ಈ ಮನೆಯ ಊಟ ಕಲಿತಿದ್ದಾಳೆ. ಬೀಳ್ಕೊಡುವಾಗ ಭೂಮಿಯ ಹುಡುಗಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಲ್ಲುತ್ತಾಳೆ. ತಾಯಿ ಕಣ್ಣೀರಿನಲ್ಲಿ ಏನೂ ಕಾಣದೆ ಹೋಗಿ ಬಾ ಎನ್ನುತ್ತಾಳೆ. ಆಮೇಲೆ ಒಂದು ಮಗುವಿನ ಕೈ ಹಿಡಿದು ಮನೆಗೆ ತಿರುಗುತ್ತಾಳೆ. ಯಾವ ಮಗು ಎಂದು ತಾಯಿಗೆ ಗೊತ್ತಿಲ್ಲ, ನೋಡುವವರಿಗೆ ಗೊತ್ತು. ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಆದ್ದರಿಂದ ಪೂಜೆಯ ಹೊತ್ತಿಗೆ ಪದ್ಮಿ ಹತ್ತಿರ ಇರಕೂಡದು. ಹುಲಿಗೆಮ್ಮನ ಜೊತೆ ಬೇರೆ ಮನೆಗೆ ಕಳಿಸು. ಆಕೆಯ ತಲೆಯ ಮೇಲೆ ಒಂದು ಅಕ್ಷತೆಯ ಕಾಳೂ ಬೀಳಬಾರದು.

ರಘೋತ್ತಮ ಕಾಕಾ


ಕುಡಚಡೆ
೨೪ ಸಪ್ಟೆಂಬರ್ ೨೦೦೪

ತೀರ್ಥಸ್ವರೂಪ ಕಾಕಾ ಅವರಿಗೆ ಸಾವಿರ ನಮಸ್ಕಾರಗಳು.

ಎಲ್ಲ ಸುಸೂತ್ರವಾಯಿತು! ನಿಮ್ಮ ಉತ್ತರದ ದಾರಿ ಕಾದೆ, ಬರಲಿಲ್ಲ. ಮಳೆಗೆ ಟಪಾಲಿನ ಗತಿ ಅಷ್ಟೇ. ಮೊದಲೇ ಬರೆದಿದ್ದಿರಲ್ಲ, ಒಂದೂ ಬಿಡದೆ ಹಾಗೇ ಮಾಡಿದೆವು.

ಗಣಪತಿಯನ್ನು ಕಳಿಸಿದ ಮೇಲೆ ನಿಹಾರಿಯನ್ನು ಹೊಂಡದ ದಂಡೆಯಲ್ಲಿ ಮಣೆಯ ಮೇಲೆ ಕೂಡಿಸಿದೆವು. ಪದ್ಮಿ ಬಿಡಲೊಲ್ಲಳು. ಆಕೆಯೂ ಅದೇ ಮಣೆಯ ಮೇಲೆ ಕೂತು ಗೊಂಬೆಯನ್ನು ಅಪ್ಪಿಕೊಂಡಳು. ಬಿಡಿಸಹೋದರೆ ಮೈಯೆಲ್ಲ ಸೆಟೆದುಕೊಂಡಳು. ಇರಲಿ, ಕೊನೆಯ ಸಲ ಎಂದು ಬಿಟ್ಟೆ. ಅತ್ತೆ ಅಕ್ಷತೆ ಹಾಕಿದರು, ಇಬ್ಬರ ತಲೆಯ ಮೇಲೂ ಬಿತ್ತು. "ಬೀಳಲಿ ಬಿಡು, ಕೂಸಿಗೆ ಆಶೀರ್ವಾದಾತು" ಎಂದರು. ನನಗೆ ದುಃಖ ಒತ್ತರಿಸಿ ಬಂದು ಏನೂ ಕಾಣುತ್ತಿರಲಿಲ್ಲ. ಮಣೆ ಸರಿಸಿ, ಬುತ್ತಿ ಮುಂದೆ ಹಿಡಿದು, "ಹೋಗಿ ಬಾ ನನ್ನವ್ವಾ" ಎಂದೆ. ಯಾವುದೋ ಕೈ ಬುತ್ತಿ ತೆಗೆದುಕೊಂಡಿತು. ಇವರು ಗೊಂಬೆಯನ್ನು ನೀರಿಗೆ ಬಿಟ್ಟರು. ಕಾಗದದ್ದು, ತೇಲುತ್ತದೆ ಅಂದುಕೊಂಡಿದ್ದೆವು. ಕಲ್ಲಿನ ಹಾಗೆ ಇಳಿದುಹೋಯಿತು.

ಪದ್ಮಿ ಅಳಲಿಲ್ಲ. ನನ್ನ ಕೈ ಹಿಡಿದು, "ನಡೀ ಅಮ್ಮಾ, ಮನೀಗೆ ಹೋಗೂಣು" ಎಂದಳು. ಮಾತು ನಿಂತಿಲ್ಲ ಕಾಕಾ! ಹುಟ್ಟಿದಾಗಿನಿಂದ ಆಡುತ್ತಿದ್ದವಳ ಹಾಗೆ ದಿನವಿಡೀ ಮಾತು. ಮುಟ್ಟದಿದ್ದ ಹಾಗಲಕಾಯಿ ಪಲ್ಯವನ್ನು ಬೇಡಿ ಬೇಡಿ ತಿನ್ನುತ್ತಾಳೆ. ಒಂದೇ ಒಂದು ಮಾತು ತಿಳಿಯಲಿಲ್ಲ. ನಿನ್ನೆ ಸಂಜೆ ಹೊಂಡದ ಕಡೆ ನೋಡುತ್ತ, "ಆಕಿಗೆ ಕತ್ತಲಿ ಅಂದ್ರ ಅಂಜಿಕಿ" ಎಂದಳು. ನಿಹಾರಿಯನ್ನು ನೆನೆಸಿದ್ದಿರಬೇಕು, ಪಾಪ.

ನಿಮ್ಮ ಉಪಕಾರ ಮರೆಯಲಾರೆ.

ಮೃದುಲಾ


ಧಾರವಾಡ
೧ ಅಕ್ಟೋಬರ್ ೨೦೦೪

ಚಿ. ಸೌ. ಮೃದುಲಾಗೆ ಆಶೀರ್ವಾದಗಳು.

ಪತ್ರ ಮುಟ್ಟಿತು. ಸಂತೋಷ.

ನಾನು ಹದಿನಾಲ್ಕಕ್ಕೆ ಒಂದು ಪತ್ರ ಹಾಕಿದ್ದೆ. ತಡವಾಗಿ ಬಂದರೆ ಒಡೆಯಬೇಡ, ಒಲೆಗೆ ಹಾಕು. ಪ್ರದರ್ಶನದ ವಿಷಯ, ಮುದುಕನ ಹಳಹಳಿಕೆ, ಅಷ್ಟೇ.

ಸಂಜೆ ಹೊಂಡದ ದಂಡೆಗೆ ಒಂದು ದೀಪ ಇಡುತ್ತಿರು. ಯಾಕೆ ಎಂದು ಕೇಳಬೇಡ.

ಪದ್ಮಿ ಈಗಲೂ ಕುದುರೆ ಸದ್ದು ಮಾಡುತ್ತಾಳೇನು? ಅದೊಂದು ಬರೆ.

ರಘೋತ್ತಮ


ಕುಡಚಡೆ
೧೧ ಅಕ್ಟೋಬರ್ ೨೦೦೪

ಕಾಕಾ,

ಇಲ್ಲ. ಮಾಡುವುದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನಾನೇ ಆಕೆಯ ಮುಂದೆ ಟೊಕ್ ಟೊಕ್ ಎಂದೆ. "ಅದೇನಮ್ಮಾ?" ಎಂದು ಕೇಳಿದಳು.

ದೀಪ ಇಡತೊಡಗಿದೆ. ನನ್ನ ಜೊತೆ ಬಾ ಎಂದರೆ ಆಕೆ ಬಾಗಿಲು ದಾಟುವುದಿಲ್ಲ. ಮೊನ್ನೆ ದೀಪವಿಟ್ಟು ಬಂದು ಅಕ್ಕಿ ತೊಳೆಯುತ್ತಿದ್ದೆ. ಹಿತ್ತಲ ಬಾಗಿಲಿನ ಆಚೆ ಸದ್ದಾಯಿತು. ಟೊಕ್ ಟೊಕ್. ಹುಲಿಗೆಮ್ಮನೂ ಕೇಳಿ ನನ್ನ ಮುಖ ನೋಡಿದಳು. ನಾನು ಏಳುವಷ್ಟರಲ್ಲಿ ಒಳಕೋಣೆಯಿಂದ ಹುಡುಗಿ ಓಡಿಬಂದು ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ತೆಗೀಬ್ಯಾಡ ಅಮ್ಮಾ. ನೀನ ಕಳಸೀದಿ. ಆಕಿ ಮನಿ ಇದಲ್ಲ ಈಗ" ಎಂದಳು. ಎಷ್ಟು ಸ್ಪಷ್ಟ ಮಾತು. ಯಾವ ತಾಯಿಯೂ ಹೆಮ್ಮೆಪಡಬೇಕು.

ಆಕೆಯನ್ನು ಸರಿಸಿ ಬಾಗಿಲು ತೆಗೆದು ನೋಡಿದಾಗ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಮೊಸರವಲಕ್ಕಿಯ ಬುತ್ತಿ ಇತ್ತು, ಬಿಚ್ಚಿರಲಿಲ್ಲ. ಬಟ್ಟೆಗೆ ಹೊಂಡದ ಕೆಂಪು ಕೆಸರು ಮೆತ್ತಿತ್ತು. ಪದ್ಮಿಗೆ ಗಂಟು ಬಿಚ್ಚಲು ಬರುವುದಿಲ್ಲ ಕಾಕಾ. ಯಾವಾಗಲೂ ನಾನೇ ಬಿಚ್ಚಿಕೊಡಬೇಕು.

ಒಲೆಗೆ ಹಾಕು ಎಂದಿದ್ದ ನಿಮ್ಮ ಪತ್ರ ನಿನ್ನೆ ಬಂತು. ಓದಿದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಇವರಿಗೆ ಹೇಳಿದರೆ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಅತ್ತೆಗೆ ಹೇಳಿದರೆ ಎದೆಯೊಡೆದುಕೊಂಡಾರು. ನಿಮಗಷ್ಟೇ ಹೇಳುತ್ತಿದ್ದೇನೆ.

ಒಂದು ಮಾತಿಗಾಗಿ ಕಂಡ ಕಂಡ ದೇವರಿಗೆ ಕೈ ಮುಗಿದೆ. ಈಗ ಮನೆ ತುಂಬ ಮಾತು. ನನಗೆ ಈ ಮಾತು ಬೇಡ. ನನ್ನ ಮೂಕ ಕೂಸು ಬೇಕು.

ಇಂದಿನಿಂದ ಹಿತ್ತಲ ಬಾಗಿಲಿಗೆ ಅಗಳಿ ಹಾಕುವುದಿಲ್ಲ. ಒಳಗಿನವಳು ಏನಾದರೂ ಮಾಡಿಕೊಳ್ಳಲಿ. ಬುತ್ತಿ ಹೊಸದಾಗಿ ಕಲಸಿ, ಗಂಟು ಹಾಕದೆ ಮೆಟ್ಟಿಲ ಮೇಲಿಟ್ಟಿದ್ದೇನೆ. ದೀಪವನ್ನೂ ಹೊಂಡದಿಂದ ತಂದು ಅಲ್ಲೇ ಇಟ್ಟಿದ್ದೇನೆ, ದಾರಿ ಕಾಣಲಿ.

ನಾನು ಹೋಗು ಎಂದಿಲ್ಲ ಕಾಕಾ. ಹೋಗಿ ಬಾ ಎಂದಿದ್ದೇನೆ. ಹೋಗಿದ್ದಾಯಿತು. ಇನ್ನು ಬರುವುದು ಉಳಿದಿದೆ.

ಮೃದುಲಾ